ಹಸಿರು ಚುಕ್ಕೆಯ ಪಕ್ಕದ ಕಾಣದ ಚುಕ್ಕೆ

ಕಲಬುರಗಿಯ ಗಾಜಿಪುರದ ಹುಡುಗರ ಕೈಯಲ್ಲಿ ಈಗ ಎರಡು ಬಗೆಯ ಲೇಸರ್ ಓಡಾಡುತ್ತಿವೆ. ಒಂದು ಕೀಲಿಗೊಂಚಲಿಗೆ ಸಿಕ್ಕಿಸುವ ಕೆಂಪು ಲೇಸರ್, ಮೂರು ಗುಂಡಿ ಸೆಲ್ಲಿನದು. ಇನ್ನೊಂದು ಟಾರ್ಚಿನ ಆಕಾರದ ಹಸಿರು ಲೇಸರ್. ಅದರ ಮೈಮೇಲೆ 303 ಎಂಬ ಸಂಖ್ಯೆ, ತುದಿಯಲ್ಲಿ ಗೋಡೆ ತುಂಬ ಚುಕ್ಕೆ ಚೆಲ್ಲುವ ಟೋಪಿ, ಒಳಗೆ ಚಾರ್ಜ್ ಮಾಡುವ 18650 ಸೆಲ್ಲು. ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಸಾಮಾನಿನ ತಳ್ಳುಗಾಡಿ, ಜಾತ್ರೆಯ ಆಟಿಕೆ ಸಾಲು, ಆನ್‌ಲೈನ್ ಅಂಗಡಿ ಎಲ್ಲ ಕಡೆ ಸಿಗುತ್ತವೆ. ದರವೂ ಕೆಲವೇ ನೂರು ರೂಪಾಯಿಯೊಳಗೆ. ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ಗಾಡಿಯವನ ಉತ್ತರ ಸಿದ್ಧ: "ಎರಡು ಕಿಲೋಮೀಟರ್ ಹೊಡೀತದ್ರಿ ಸರ್. ಬೇಕಾದ್ರ ರಾತ್ರಿ ಮಾಳಗಿ ಮ್ಯಾಲ ಹೋಗಿ ನೋಡ್ರಿ."

ಎರಡರ ಮೇಲೂ ಒಂದೇ ತರಹದ ಹಳದಿ ಚೀಟಿ ಇರುತ್ತದೆ: ಶಕ್ತಿ 5 ಮಿಲಿವಾಟ್‌ಗಿಂತ ಕಡಿಮೆ, ಕಣ್ಣಿಗೆ ಬಿಡಬೇಡಿ. ಈ ಚೀಟಿ ನಿಜ ಹೇಳುತ್ತದೆಯೇ ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರಿಗೂ ಗೊತ್ತಿರುವುದಿಲ್ಲ. ಆದರೆ ಅದನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಹಳೆಯ ಸಿ.ಡಿ., ದಪ್ಪ ಬಿಳಿ ಹಾಳೆ, ಅಳತೆಪಟ್ಟಿ, ಮೊಬೈಲ್ ಕ್ಯಾಮೆರಾ, ಎಲೆಕ್ಟ್ರಾನಿಕ್ಸ್ ಅಂಗಡಿಯ ಫೋಟೊಡಯೋಡ್ ಮತ್ತು ಮಲ್ಟಿಮೀಟರ್ ಇದ್ದರೆ ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಮನೆಯ ಪಡಸಾಲೆಯಲ್ಲೇ ಆ ಚೀಟಿಯ ಸಾಚಾತನ ಹೇಳಬಲ್ಲಳು.

ಮೊದಲು ಆ 5 ಮಿಲಿವಾಟಿನ ಮಾತು. ಒಂದು ವಾಟಿನ ಇನ್ನೂರನೇ ಒಂದು ಪಾಲು ಅದು. ದೇವರ ಮನೆಯ ಸಣ್ಣ ಎಲ್‌ಇಡಿ ಬಲ್ಬು ಕೂಡ ಅದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಆದರೆ ಬಲ್ಬಿನ ಬೆಳಕು ನಾಲ್ಕೂ ದಿಕ್ಕಿಗೆ ಚದುರುತ್ತದೆ, ಲೇಸರಿನದು ಒಂದೇ ಗೆರೆಯಾಗಿ ಬರುತ್ತದೆ. ಕಣ್ಣಿನ ಮಸೂರ ಆ ಗೆರೆಯನ್ನು ಅಕ್ಷಿಪಟಲದ ಮೇಲೆ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಅಗಲದ ಚುಕ್ಕೆಗೆ ಇಳಿಸಿಬಿಡುತ್ತದೆ. ಅಲ್ಲಿಗೆ ಬೆಳಕಿನ ಸಾಂದ್ರತೆ ಸುಮಾರು ಒಂದು ಲಕ್ಷ ಪಟ್ಟು ಏರುತ್ತದೆ. ಕಣ್ಣಿಗೆ ಅದರದೇ ಕಾವಲು ಇದೆ: ಜೋರು ಬೆಳಕು ಬಿದ್ದ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಮುಖ ತಿರುಗುತ್ತದೆ. ಲೇಸರ್ ಸುರಕ್ಷತೆಯ ವರ್ಗಗಳು ಈ ಕಾಲು ಸೆಕೆಂಡನ್ನು ನಂಬಿಯೇ ನಿಂತಿವೆ. 1 ಮಿಲಿವಾಟಿನವರೆಗೆ ಎರಡನೇ ವರ್ಗ, 5ರವರೆಗೆ 3ಆರ್, ಅಲ್ಲಿಂದ 500ರವರೆಗೆ 3ಬಿ. ಈ ಕೊನೆಯ ವರ್ಗದಲ್ಲಿ ರೆಪ್ಪೆ ಮುಚ್ಚುವ ಮುನ್ನವೇ ಗಾಯ ಆಗಿಹೋಗಬಹುದು.

ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ನಿಸ್ಟ್, 2013ರಲ್ಲಿ 122 ಲೇಸರ್ ಪಾಯಿಂಟರ್‌ಗಳನ್ನು ಅಳೆದು ನೋಡಿತು. ಹಸಿರಿನವುಗಳಲ್ಲಿ ಸುಮಾರು ಶೇ 90 ಮತ್ತು ಕೆಂಪಿನವುಗಳಲ್ಲಿ ಸುಮಾರು ಶೇ 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ. ಮಿತಿಯ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಉಗುಳುವಂಥದ್ದೂ ಅವುಗಳಲ್ಲಿತ್ತು. ನಿಯಮ ಬಿಗಿಯಾಗಿರುವ ದೇಶದ ಸ್ಥಿತಿ ಇದು. ಬಿಲ್ಲೂ ಇಲ್ಲದೆ ತಳ್ಳುಗಾಡಿಯಲ್ಲಿ ಸಿಗುವ ಮಾಲಿಗೆ ನಾವು ಹೆಚ್ಚು ಅನುಮಾನ ಪಡಬೇಕೇ ಹೊರತು ಕಡಿಮೆಯಲ್ಲ.

"ಕಾಕಾ, ಹಸಿರಿಂದು ಕೆಂಪಿಗಿಂತ ಯಾಕ ಅಷ್ಟು ಜೋರ್ ಕಾಣ್ತದ?" ಎಂದು ಓಣಿಯ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರ್ ತರಂಗಾಂತರದ ಹಳದಿಹಸಿರು ಬೆಳಕಿಗೆ. ಹಸಿರು ಲೇಸರಿನ 532 ನ್ಯಾನೊಮೀಟರ್ ಅದರ ಹತ್ತಿರವೇ ಇದೆ. ಕೆಂಪು ಲೇಸರಿನ 650ಕ್ಕೆ ಬರುವಷ್ಟರಲ್ಲಿ ಕಣ್ಣಿನ ಸ್ಪಂದನ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಹಾಗಾಗಿ ಎರಡೂ ಸಮ ಶಕ್ತಿಯವಾದರೂ ಹಸಿರು ಚುಕ್ಕೆ ಎಂಟು ಪಟ್ಟು ಪ್ರಖರವಾಗಿ ಕಾಣುತ್ತದೆ. ಗಾಳಿಯ ಅಣುಗಳು ಹಸಿರನ್ನು ಕೆಂಪಿಗಿಂತ ಎರಡು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ಕತ್ತಲಲ್ಲಿ ಹಸಿರು ಗೆರೆ ಆಕಾಶಕ್ಕೆ ಕೋಲು ಹಿಡಿದಂತೆ ಕಾಣುವುದು ಅದಕ್ಕೇ. ಇಲ್ಲಿಂದ ಒಂದು ಮಾತು ಖಚಿತವಾಗುತ್ತದೆ: ಲೇಸರಿನ ಶಕ್ತಿಯನ್ನು ಕಣ್ಣಂದಾಜಿನಲ್ಲಿ ಅಳೆಯಲು ಬರುವುದಿಲ್ಲ. ಮಂಕಾಗಿ ಕಂಡದ್ದು ದುರ್ಬಲ ಎನ್ನುವ ಹಾಗಿಲ್ಲ.

ಹಸಿರಿನ ವಿಷಯದಲ್ಲಂತೂ ಇದು ಇನ್ನೂ ನಿಜ, ಏಕೆಂದರೆ ಅಗ್ಗದ ಹಸಿರು ಲೇಸರಿನಲ್ಲಿ ಹಸಿರು ನೇರವಾಗಿ ಹುಟ್ಟುವುದಿಲ್ಲ. ಒಳಗಿರುವ ಡಯೋಡು ಮೊದಲು 808 ನ್ಯಾನೊಮೀಟರಿನ ಅವಗೆಂಪು ಬೆಳಕು ಕೊಡುತ್ತದೆ. ನಿಯೋಡೈಮಿಯಂ ಸೇರಿಸಿದ ವನಾಡೇಟ್ ಸ್ಫಟಿಕ ಅದನ್ನು ಹೀರಿ 1064 ನ್ಯಾನೊಮೀಟರಿನ ಇನ್ನೊಂದು ಅವಗೆಂಪನ್ನು ಹೊರಡಿಸುತ್ತದೆ. ಅದಕ್ಕೆ ಅಂಟಿಸಿದ ಕೆಟಿಪಿ ಸ್ಫಟಿಕ ಆ ತರಂಗಾಂತರವನ್ನು ಅರ್ಧಕ್ಕಿಳಿಸಿದಾಗ 532ರ ಹಸಿರು ಬರುತ್ತದೆ. ಉಳಿದ 808 ಮತ್ತು 1064ನ್ನು ತಡೆಯಲು ಬಾಯಿಯ ಬಳಿ ಒಂದು ಪುಟ್ಟ ಫಿಲ್ಟರ್ ಗಾಜು ಇರಬೇಕು. ಖರ್ಚು ಉಳಿಸಬೇಕೆಂದಾಗ ಮೊದಲು ಕೈಬಿಡುವುದು ಈ ಗಾಜನ್ನೇ. ಅದಿಲ್ಲದಿದ್ದರೂ ಹಸಿರು ಚೆನ್ನಾಗಿಯೇ ಕಾಣುತ್ತದೆ, ಗಿರಾಕಿಗೆ ಏನೂ ತಿಳಿಯುವುದಿಲ್ಲ.

ನಿಸ್ಟ್‌ನವರು 2010ರಲ್ಲೇ ಇಂಥದ್ದೊಂದನ್ನು ಬಿಚ್ಚಿ ನೋಡಿದ್ದರು. ಹದಿನೈದು ಡಾಲರ್ ಬೆಲೆಯ ಆ ಪಾಯಿಂಟರಿನ ಹಸಿರು ಮಂಕಾಗಿತ್ತು, ಆದರೆ ಅದರಿಂದ ಹೊರಬರುತ್ತಿದ್ದ ಅವಗೆಂಪು ಸುಮಾರು 20 ಮಿಲಿವಾಟ್. ಅವಗೆಂಪನ್ನು ಕಣ್ಣು ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ಮುಚ್ಚುವುದಿಲ್ಲ. ಮಸೂರ ಮಾತ್ರ ಅದನ್ನೂ ಅಕ್ಷಿಪಟಲದ ಮೇಲೆ ಕೂಡಿಸುತ್ತದೆ. ಹಸಿರು ಮಂಕಾಗಿದೆ ಎಂದು ಹುಡುಗ ಲೇಸರನ್ನು ತಿರುಗಿಸಿ ಬಾಯೊಳಗೆ ಇಣುಕಿದರೆ ಏನಾಗಬಹುದು ಎಂದು ಯೋಚಿಸಿ. ಆ ತಂಡ ಎಚ್ಚರಿಕೆ ಕೊಟ್ಟು ಸುಮ್ಮನಾಗಲಿಲ್ಲ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯನ್ನೂ ಹೇಳಿಕೊಟ್ಟಿತು. ಅದನ್ನು ನಮ್ಮ ಶಾಲೆಗಳಿಗೆ ತರಬೇಕೆನ್ನುವುದು ಈ ಲೇಖನದ ಆಸೆ.

ವಿಧಾನ ಹೀಗೆ. ದಪ್ಪ ಬಿಳಿ ಹಾಳೆಯ ನಡುವೆ ಲೇಸರ್ ತೂರುವಷ್ಟು ಸಣ್ಣ ರಂಧ್ರ ಮಾಡಿ ನೆಟ್ಟಗೆ ನಿಲ್ಲಿಸಿ. ಅದರಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಸಿ.ಡಿ.ಯನ್ನು ಹೊಳೆಯುವ ಮೈ ಹಾಳೆಯ ಕಡೆ ಬರುವಂತೆ ಇಡಿ. ಲೇಸರನ್ನು ಹಾಳೆಯ ಹಿಂದೆ ಬಟ್ಟೆ ಕ್ಲಿಪ್ಪಿನಿಂದ ಭದ್ರ ಮಾಡಿ, ಕಿರಣ ರಂಧ್ರದಿಂದ ಹಾದು ಸಿ.ಡಿ.ಗೆ ಬಡಿದು ಅದೇ ರಂಧ್ರಕ್ಕೆ ಮರಳುವಂತೆ ಹೊಂದಿಸಿ. ಸಿ.ಡಿ.ಯ ಮೇಲೆ 1.6 ಮೈಕ್ರೊಮೀಟರ್ ಅಂತರದಲ್ಲಿ ಸುರುಳಿ ಗೆರೆಗಳಿವೆ. ಅವು ಬೆಳಕನ್ನು ತರಂಗಾಂತರಕ್ಕೆ ತಕ್ಕಂತೆ ಬೇರೆ ಬೇರೆ ಕೋನಕ್ಕೆ ತಿರುಗಿಸುತ್ತವೆ. ಹಾಳೆಯ ಮೇಲೆ ರಂಧ್ರದ ಎರಡೂ ಪಕ್ಕ ಚುಕ್ಕೆಗಳು ಮೂಡುತ್ತವೆ. 650ರ ಕೆಂಪು ರಂಧ್ರದಿಂದ ಸುಮಾರು 4.5 ಸೆಂಟಿಮೀಟರ್ ದೂರ ಬೀಳಬೇಕು, 532ರ ಹಸಿರು 3.5 ಸೆಂಟಿಮೀಟರ್. ಇನ್ನೂ ಆಚೆ ಅದೇ ಬಣ್ಣದ ಎರಡನೇ ಚುಕ್ಕೆಯೂ ಮೂಡುತ್ತದೆ.

ಈಗ ಕಾಣದ್ದನ್ನು ಹುಡುಕಬೇಕು. ಟಿ.ವಿ. ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾ ಎದುರು ಹಿಡಿದು ಗುಂಡಿ ಒತ್ತಿ. ಪರದೆಯ ಮೇಲೆ ನೇರಳೆ ಬಿಳುಪಿನ ಮಿಣುಕು ಕಂಡರೆ ಆ ಕ್ಯಾಮೆರಾ ಅವಗೆಂಪನ್ನು ನೋಡಬಲ್ಲದು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಹಲವು ಫೋನುಗಳಲ್ಲಿ ಅದರ ಫಿಲ್ಟರ್ ಅಷ್ಟು ಬಿಗಿಯಾಗಿರುವುದಿಲ್ಲ. ಅಂಥ ಕ್ಯಾಮೆರಾದಿಂದ ಹಾಳೆಯ ಚಿತ್ರ ತೆಗೆಯಿರಿ. ಕ್ಯಾಮೆರಾ ಹಾಳೆಯನ್ನಷ್ಟೇ ನೋಡಬೇಕು. ಕಿರಣ ನೇರ ಬಿದ್ದರೆ ಅದರ ಸಂವೇದಕ ಸುಟ್ಟುಹೋಗಬಹುದು. ಚಿತ್ರದಲ್ಲಿ ಹಸಿರು ಚುಕ್ಕೆಯ ಆಚೆ, ರಂಧ್ರದಿಂದ 5.8 ಸೆಂಟಿಮೀಟರ್ ಆಸುಪಾಸು, ಬರಿಗಣ್ಣಿಗೆ ಇಲ್ಲದ ಚುಕ್ಕೆಯೊಂದು ಕಂಡರೆ ಅದು 808. 1064ರದು ಸುಮಾರು 9 ಸೆಂಟಿಮೀಟರ್ ಬಳಿ ಬೀಳುತ್ತದೆ, ಆದರೆ ಹಸಿರಿನ ಎರಡನೇ ಚುಕ್ಕೆಯೂ ಸರಿಯಾಗಿ ಅಲ್ಲೇ ಬೀಳುವುದರಿಂದ ಅದನ್ನು ಹೀಗೆ ಬೇರ್ಪಡಿಸಿ ಗುರುತಿಸಲಾಗದು. 808ರ ಚುಕ್ಕೆ ಇದ್ದಲ್ಲಿ ಫಿಲ್ಟರ್ ಇಲ್ಲ ಅಥವಾ ಸಾಲದು ಎಂದೇ ಅರ್ಥ. ಆ ಲೇಸರನ್ನು ಮಕ್ಕಳ ಕೈಗೆ ಕೊಡಬಾರದು, ಚೀಟಿ ಏನೇ ಹೇಳಲಿ. ಏನೂ ಕಾಣದಿದ್ದರೂ ಅದನ್ನು ಪಾಸು ಎಂದು ಬರೆಯಬೇಡಿ. 1064 ಹಲವು ಫೋನುಗಳ ಕಣ್ಣಿಗೂ ಮಸುಕು.

ಇತ್ತೀಚೆಗೆ ನೇರವಾಗಿ ಹಸಿರು ಕೊಡುವ 520 ನ್ಯಾನೊಮೀಟರಿನ ಡಯೋಡುಗಳೂ ಬಂದಿವೆ. ಅವುಗಳಲ್ಲಿ ಅವಗೆಂಪಿನ ರಗಳೆಯೇ ಇಲ್ಲ. ನಿಮ್ಮದು ಯಾವುದು ಎಂದು ಸಿ.ಡಿ.ಯಿಂದ ತಿಳಿಯುವುದು ಕಷ್ಟ, ಎರಡರ ಚುಕ್ಕೆಯೂ ಹತ್ತಿರ ಹತ್ತಿರ ಬೀಳುತ್ತವೆ. ಡಿ.ವಿ.ಡಿ. ತೆಗೆದುಕೊಳ್ಳಿ, ಅದರ ಗೆರೆಗಳ ಅಂತರ 0.74 ಮೈಕ್ರೊಮೀಟರ್. 10 ಸೆಂಟಿಮೀಟರ್ ದೂರದಲ್ಲಿ 532ರ ಚುಕ್ಕೆ ರಂಧ್ರದಿಂದ 10.3 ಸೆಂಟಿಮೀಟರಿಗೆ, 520ರದು 9.9 ಸೆಂಟಿಮೀಟರಿಗೆ ಬೀಳುತ್ತದೆ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಶಾಲೆಯ ಅಳತೆಪಟ್ಟಿಯೂ ಹಿಡಿಯುತ್ತದೆ. ಅದರ ಜೊತೆಗೆ ದೂರದ ಗೋಡೆಯ ಮೇಲೆ ಚುಕ್ಕೆ ಗುಂಡಗಿದೆಯೋ ಅಡ್ಡಕ್ಕೆ ಎಳೆದಂತಿದೆಯೋ ನೋಡಿ. ನೇರ ಡಯೋಡಿನ ಚುಕ್ಕೆ ಸಾಮಾನ್ಯವಾಗಿ ಉದ್ದುದ್ದ ಇರುತ್ತದೆ.

ಶಕ್ತಿಯ ಅಳತೆಗೆ ಬರೋಣ. ಲೇಸರ್ ಪವರ್ ಮೀಟರ್ ನಮ್ಮ ಶಾಲೆಗಳ ಕೈಗೆಟುಕುವ ವಸ್ತುವಲ್ಲ. ಆದರೆ ಬಿಪಿಡಬ್ಲ್ಯು34 ಎಂಬ ಸಿಲಿಕಾನ್ ಫೋಟೊಡಯೋಡ್ ಅಗ್ಗದಲ್ಲೇ ಸಿಗುತ್ತದೆ. ಅದರ ಎರಡು ಕಾಲನ್ನು ಮಲ್ಟಿಮೀಟರಿನ ಮಿಲಿಆಂಪ್ ಮಾಪಕಕ್ಕೆ ಜೋಡಿಸಿ, ಕಿರಣ ಪೂರ್ತಿಯಾಗಿ ಅದರ ಪುಟ್ಟ ಚೌಕದೊಳಗೆ ಬೀಳುವಂತೆ ಇಡಿ. 650ರ ಕೆಂಪಿಗೆ ಅದು ವಾಟಿಗೆ ಸುಮಾರು 0.4 ಆಂಪ್ ಕೊಡುತ್ತದೆ. ಹಾಗಾದರೆ 5 ಮಿಲಿವಾಟಿನ ಕೆಂಪು ಲೇಸರಿಗೆ ಮೀಟರ್ ಸುಮಾರು 2 ಮಿಲಿಆಂಪ್ ತೋರಬೇಕು. 532ರ ಹಸಿರಿಗೆ ಸಿಲಿಕಾನಿನ ಸ್ಪಂದನ ಕಡಿಮೆ, 1.4 ಮಿಲಿಆಂಪ್ ಆಸುಪಾಸು. ಇದು ಅಂದಾಜು, ತೀರ್ಪಲ್ಲ. ಆದರೂ 5 ಎಂದು ಬರೆದುಕೊಂಡು 30 ಉಗುಳುವ ಲೇಸರನ್ನು ಹಿಡಿಯಲು ಈ ಅಂದಾಜು ಧಾರಾಳವಾಗಿ ಸಾಕು.

ಹಸಿರಿನಲ್ಲಿ ಇಲ್ಲೂ ಒಂದು ತೊಡಕಿದೆ. ಸಿಲಿಕಾನ್ ಹಸಿರಿಗಿಂತ 808ರ ಅವಗೆಂಪಿಗೆ ಎರಡರಷ್ಟು ಸ್ಪಂದಿಸುತ್ತದೆ, ಆದ್ದರಿಂದ ಮೀಟರ್ ತೋರುವುದು ಎರಡರ ಕೂಡಿಕೆಯನ್ನು. ಕೆಟ್ಟುಹೋದ ವೆಬ್‌ಕ್ಯಾಮ್ ಬಿಚ್ಚಿದರೆ ಮಸೂರದ ಹಿಂದೆ ನಸು ಬಣ್ಣದ ಚೌಕ ಗಾಜು ಸಿಗುತ್ತದೆ, ಅದು ಅವಗೆಂಪನ್ನು ತಡೆಯುವ ಫಿಲ್ಟರ್. ಅದನ್ನು ಡಯೋಡಿನ ಮುಂದೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆಯಿರಿ. ಒಳ್ಳೆಯ ಲೇಸರಿನಲ್ಲಿ ಎರಡು ಅಳತೆಗಳಿಗೂ ಹೆಚ್ಚು ಅಂತರ ಇರುವುದಿಲ್ಲ. ಗಾಜು ತೆಗೆದೊಡನೆ ಮುಳ್ಳು ಜಿಗಿದರೆ ಹೊರಬರುತ್ತಿರುವುದರಲ್ಲಿ ಸಾಕಷ್ಟು ಪಾಲು ಕಾಣದ ಬೆಳಕು.

ನಮ್ಮ ಊರಿನ ಬಿಸಿಲು ಈ ಪರೀಕ್ಷೆಗೆ ತನ್ನದೇ ಅಧ್ಯಾಯ ಸೇರಿಸುತ್ತದೆ. ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಸೀಮೆ ನಮ್ಮದು. ಹಸಿರು ಲೇಸರಿನೊಳಗೆ 808ರ ಅವಗೆಂಪು ಕೊಡುವ ಡಯೋಡಿನ ತರಂಗಾಂತರ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. 25 ಡಿಗ್ರಿಯಲ್ಲಿ ಹೊಂದಿಸಿದ ಲೇಸರನ್ನು 43 ಡಿಗ್ರಿಯ ಮಧ್ಯಾಹ್ನ ಕಿಸೆಯಿಂದ ತೆಗೆದು ಹಚ್ಚಿದರೆ 808 ಐದು ನ್ಯಾನೊಮೀಟರಿಗೂ ಹೆಚ್ಚು ಜಾರಿರುತ್ತದೆ, ಸ್ಫಟಿಕ ಅದನ್ನು ಮೊದಲಿನಷ್ಟು ಹೀರುವುದಿಲ್ಲ. ಹಸಿರು ಕುಗ್ಗುತ್ತದೆ. ಹೀರದೆ ಉಳಿದ ಅವಗೆಂಪು ಎಲ್ಲಿಗೆ ಹೋಗಬೇಕು? ಫಿಲ್ಟರ್ ಇಲ್ಲದ ಲೇಸರಿನಲ್ಲಿ ಅದು ಹೊರಗೇ ಬರುತ್ತದೆ. ಅಂದರೆ ಲೇಸರ್ ಸೋತಂತೆ ಕಾಣುವ ಹೊತ್ತೇ ಕಣ್ಣಿಗೆ ಹೆಚ್ಚು ಅಪಾಯದ ಹೊತ್ತು. ಆದ್ದರಿಂದ ಶಕ್ತಿಯ ಅಳತೆಯನ್ನು ಒಮ್ಮೆ ಮಾಡಿ ಬಿಡಬಾರದು. ಅರ್ಧ ಅರ್ಧ ನಿಮಿಷಕ್ಕೆ ಒಂದರಂತೆ ಐದು ನಿಮಿಷ ಮೀಟರ್ ಓದಿ, ಬೆಳಗಿನ ತಂಪಿನಲ್ಲೂ ಮಧ್ಯಾಹ್ನದ ಸೆಕೆಯಲ್ಲೂ ಓದಿ, ಗ್ರಾಫ್ ಹಾಳೆಯಲ್ಲಿ ಬರೆಯಿರಿ. ಕೆಂಪು ಲೇಸರಿನ ಗೆರೆ ಸಾಮಾನ್ಯವಾಗಿ ಮೆಲ್ಲಗೆ ಇಳಿಯುತ್ತದೆ. ಅಗ್ಗದ ಹಸಿರಿನದು ಏರಿಳಿಯುತ್ತದೆ.

ಕಿರಣ ಎಷ್ಟು ಹರಡುತ್ತದೆ ಎಂಬ ಅಳತೆ ಬಲು ಸುಲಭ. ರಜೆಯ ದಿನ ಶಾಲೆಯ ಉದ್ದ ಪಡಸಾಲೆ ಸಾಕು. ಲೇಸರಿನಿಂದ 1 ಮೀಟರಿನಲ್ಲಿ ಒಮ್ಮೆ, 21 ಮೀಟರಿನಲ್ಲಿ ಒಮ್ಮೆ ಹಾಳೆ ಹಿಡಿದು ಚುಕ್ಕೆಯ ಅಗಲ ಗುರುತು ಮಾಡಿ. 20 ಮೀಟರಿನಲ್ಲಿ ಚುಕ್ಕೆ 30 ಮಿಲಿಮೀಟರ್ ಬೆಳೆದಿದ್ದರೆ ಹರಡುವಿಕೆ 1.5 ಮಿಲಿರೇಡಿಯನ್. ಗಾಡಿಯವನು ಹೇಳಿದ ಎರಡು ಕಿಲೋಮೀಟರಿನಲ್ಲಿ ಆ ಚುಕ್ಕೆ ಮೂರು ಮೀಟರ್ ಅಗಲದ ಬೆಳಕಿನ ತೇಪೆಯಾಗಿರುತ್ತದೆ. ಕಿರಣ ಅಲ್ಲಿಗೆ ಹೋಗುವುದು ನಿಜ, ಎರಡಲ್ಲ ಇಪ್ಪತ್ತು ಕಿಲೋಮೀಟರೂ ಹೋಗುತ್ತದೆ. ಅಲ್ಲಿ ಯಾರಿದ್ದಾರೆ ಎಂಬುದಷ್ಟೇ ಕೇಳಬೇಕಾದ ಮಾತು.

ಈ ಮಾತು ಕಮಲಾಪುರದ ಕಡೆ ಹೊರಟಾಗ ಹೆಚ್ಚು ಕಾಡುತ್ತದೆ. ನಗರದ ದೀಪಗಳನ್ನು ಹಿಂದೆ ಬಿಟ್ಟು ಹುಮನಾಬಾದ್ ರಸ್ತೆಯಲ್ಲಿ ಅಲ್ಲಿಗೆ ಹೋದರೆ ಕೆಂಪು ಬಾಳೆಯ ತೋಟಗಳ ಮೇಲೆ ಕಲಬುರಗಿಯಲ್ಲಿ ಸಿಗದಂಥ ಆಕಾಶ ಸಿಗುತ್ತದೆ. ಮಕ್ಕಳ ಗುಂಪಿಗೆ ಮೃಗಶಿರಾ, ರೋಹಿಣಿ, ಕೃತ್ತಿಕೆ ತೋರಿಸಲು ಹಸಿರು ಲೇಸರಿನಷ್ಟು ಒಳ್ಳೆಯ ಕೋಲು ಇನ್ನೊಂದಿಲ್ಲ. "ಅಕಾ ಅಲ್ಲಿ" ಎಂದು ಬೆರಳು ತೋರಿದರೆ ಪಕ್ಕದವನಿಗೂ ತಿಳಿಯದು, ಲೇಸರ್ ಗೆರೆ ಎಲ್ಲರಿಗೂ ಒಂದೇ ನಕ್ಷತ್ರ ತೋರಿಸುತ್ತದೆ. ಈ ಸುಖವನ್ನು ನಾನು ಬಿಡಲಾರೆ, ಬಿಡಿ ಎಂದು ಯಾರಿಗೂ ಹೇಳಲಾರೆ. ಆದರೆ 2019ರ ನವೆಂಬರ್ 22ರಿಂದ ನಮಗೆ ಸೇಡಂ ರಸ್ತೆಯ ಸರಡಗಿ ಬಳಿ ವಿಮಾನ ನಿಲ್ದಾಣವೂ ಇದೆ. 1 ಮಿಲಿರೇಡಿಯನ್ ಹರಡುವ, ನಿಜಕ್ಕೂ 5 ಮಿಲಿವಾಟಿನ ಹಸಿರು ಲೇಸರ್ ಸುಮಾರು 16 ಮೀಟರಿನ ಆಚೆ ಕಣ್ಣಿಗೆ ಗಾಯ ಮಾಡದು. ಆದರೆ ರಾತ್ರಿ ಇಳಿಯುತ್ತಿರುವ ಪೈಲಟನ ಗಮನವನ್ನು ಅದು ಮೂರೂವರೆ ಕಿಲೋಮೀಟರಿನಿಂದಲೂ ಕೆಡಿಸಬಲ್ಲದು. ಚೀಟಿ ಸುಳ್ಳಾಗಿ ಅದು 50 ಮಿಲಿವಾಟಿನದಾಗಿದ್ದರೆ ಆ ದೂರ 11 ಕಿಲೋಮೀಟರಿಗೆ ಏರುತ್ತದೆ.

ಕಾನೂನು ಇದನ್ನು ಗಮನಿಸಿದೆ. 2023ರ ಅಕ್ಟೋಬರ್ 10ರಂದು ಗೆಜೆಟ್ಟಿನಲ್ಲಿ ಬಂದ ತಿದ್ದುಪಡಿ ವಿಮಾನ ನಿಯಮಗಳ 66ನೇ ನಿಯಮದಲ್ಲಿ ದೀಪ ಎಂಬುದರೊಳಗೆ ಲೇಸರನ್ನೂ ಸ್ಪಷ್ಟವಾಗಿ ಸೇರಿಸಿತು. ನಿಲ್ದಾಣದ ಸುತ್ತ 5 ಕಿಲೋಮೀಟರ್ ಇದ್ದ ವ್ಯಾಪ್ತಿಯನ್ನು 5 ನಾಟಿಕಲ್ ಮೈಲಿಗೆ, ಅಂದರೆ ಒಂಬತ್ತೂಕಾಲು ಕಿಲೋಮೀಟರಿಗೆ ಹಿಗ್ಗಿಸಿತು. ಮೇಲಿನ 11 ಕಿಲೋಮೀಟರಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಸುಳ್ಳು ಚೀಟಿಯ ಲೇಸರ್ ಕಾನೂನಿನ ವೃತ್ತದ ಹೊರಗೆ ನಿಂತೂ ತೊಂದರೆ ಕೊಡಬಲ್ಲದು. ಕಮಲಾಪುರ ಆ ವೃತ್ತದಿಂದ ಬಹಳ ಆಚೆಗಿದೆ, ಆದರೂ ಮಿನುಗುತ್ತ ಸರಿಯುವ ದೀಪ ಕಂಡೊಡನೆ ಗುಂಡಿಯಿಂದ ಬೆರಳು ತೆಗೆಯುವುದು ಆಕಾಶ ತೋರಿಸುವವರ ಮೊದಲ ಅಭ್ಯಾಸವಾಗಬೇಕು. ಲೇಸರ್ ಒಬ್ಬರ ಕೈಯಲ್ಲಷ್ಟೇ ಇರಬೇಕು, ಮಕ್ಕಳ ನಡುವೆ ಕೈ ಬದಲಾಗಬಾರದು.

ಮೆರವಣಿಗೆಯ ಲೇಸರಿನ ಸಂಗತಿ ಬೇರೆಯೇ, ಅವು ಕೈಯಲ್ಲಿ ಹಿಡಿಯುವ ಪೆನ್ನುಗಳಲ್ಲ. ಆದರೂ ಹೇಳದಿರಲಾಗದು. 2023ರ ಗಣೇಶೋತ್ಸವದಲ್ಲಿ ಪುಣೆಯಲ್ಲಿ, 2024ರಲ್ಲಿ ಕೊಲ್ಲಾಪುರದಲ್ಲಿ ಡಿ.ಜೆ. ಲೇಸರ್ ತಾಗಿ ಯುವಕರ ಕಣ್ಣಿನೊಳಗೆ ರಕ್ತ ಸೋರಿದ ವರದಿಗಳು ಬಂದವು. ಗಡಿಯಾಚೆಯ ಆ ಡಿ.ಜೆ. ಸಂಸ್ಕೃತಿ ನಮ್ಮ ರಸ್ತೆಗಳಿಗೂ ಬಂದಿದೆ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಪಾಸಾದ ಕೆಂಪು ಲೇಸರಿನಿಂದ ಏನು ಮಾಡಬಹುದು ಎಂದು ಹುಡುಗರು ಕೇಳಿದರೆ ನನ್ನ ಬಳಿ ಒಂದು ಆಟ ಇದೆ. ತಲೆಗೂದಲೊಂದನ್ನು ಪೋಸ್ಟ್‌ಕಾರ್ಡಿನ ಕಿಂಡಿಗೆ ಅಡ್ಡ ಅಂಟಿಸಿ, ಲೇಸರನ್ನು ಅದರ ಮೇಲೆ ಹಾಯಿಸಿ, 3 ಮೀಟರ್ ಆಚೆಯ ಗೋಡೆ ನೋಡಿ. ಚುಕ್ಕೆ ಒಡೆದು ಸಾಲು ಪಟ್ಟೆಗಳಾಗುತ್ತದೆ. ಒಂದು ಕಪ್ಪಿನಿಂದ ಮುಂದಿನ ಕಪ್ಪಿಗೆ 2.8 ಸೆಂಟಿಮೀಟರ್ ಇದ್ದರೆ ಕೂದಲಿನ ದಪ್ಪ ಸುಮಾರು 70 ಮೈಕ್ರೊಮೀಟರ್. ದೂರವನ್ನು ತರಂಗಾಂತರದಿಂದ ಗುಣಿಸಿ ಪಟ್ಟೆಯ ಅಂತರದಿಂದ ಭಾಗಿಸಿದರೆ ಆಯಿತು. ಅಜ್ಜಿಯ ಬಿಳಿಕೂದಲು, ಅವ್ವನ ಕಪ್ಪುಕೂದಲು, ಕೂಸಿನ ಎಳೆಗೂದಲು ಬೇರೆ ಬೇರೆ ಉತ್ತರ ಕೊಡುತ್ತವೆ. ಹೂ ಕಟ್ಟುವ ಬಾಳೆನಾರಿನಿಂದ ತೆಳುವಾದ ಎಳೆಯೊಂದನ್ನು ಸೀಳಿ ಹಿಡಿದರೆ ಪಟ್ಟೆಗಳು ಕಿರಿದಾಗಿ, ಸ್ವಲ್ಪ ಮಸುಕಾಗಿ ಮೂಡುತ್ತವೆ. ನಾರಿನ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ ಎಂಬುದನ್ನು ಆ ಮಸುಕೇ ಹೇಳುತ್ತದೆ. ಸೂಕ್ಷ್ಮದರ್ಶಕ ಇಲ್ಲದ ಶಾಲೆಯಲ್ಲಿ ಇದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಪಾಠ ನನಗೆ ತಿಳಿದಿಲ್ಲ.

ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಸುತ್ತಲಿನ ತಾಲ್ಲೂಕುಗಳ ಮಕ್ಕಳು ಬಸ್ಸು ಮಾಡಿಕೊಂಡು ಅಲ್ಲಿಗೆ ಬರುತ್ತಾರೆ. ಜಾತ್ರೆ ಮುಗಿದ ಮೇಲೆ ಒಂದು ಭಾನುವಾರ ಅಲ್ಲಿ ಲೇಸರ್ ತಪಾಸಣೆ ಇಡಲಿ ಎಂಬುದು ನನ್ನ ವಿನಂತಿ. ಕಣ್ಣು ತಪಾಸಣೆಯ ಶಿಬಿರ ಊರೂರಲ್ಲಿ ನಡೆಯುತ್ತದೆ, ಕಣ್ಣು ಕೆಡಿಸುವ ವಸ್ತುವಿನ ತಪಾಸಣೆಯೂ ನಡೆಯಬೇಕು. ಮೇಲಿನ ಸಾಮಾನುಗಳನ್ನು ಒಂದು ರಟ್ಟಿನ ಡಬ್ಬದೊಳಗೆ ಭದ್ರವಾಗಿ ಕೂಡಿಸಿ, ಹೊರಗೆ ಕಿರಣ ಚೆಲ್ಲದಂತೆ ಕಪ್ಪು ಕಾಗದ ಹಚ್ಚಿದರೆ ಪರೀಕ್ಷಾ ಪೆಟ್ಟಿಗೆ ತಯಾರು. ಖರ್ಚಿನಲ್ಲಿ ದೊಡ್ಡದು ಮಲ್ಟಿಮೀಟರ್, ಅದು ಪಿಯು ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಪಾಸಾದ ಲೇಸರಿಗೆ ಅಳೆದ ಮಿಲಿವಾಟ್ ಬರೆದು ಹೊಸ ಚೀಟಿ ಅಂಟಿಸಿ ಕೊಡಲಿ. ಫೇಲಾದವುಗಳ ಸೆಲ್ಲು ಅಲ್ಲೇ ತೆಗೆದು, 18650 ಆಗಿದ್ದರೆ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯದ ಡಬ್ಬಕ್ಕೆ ಹಾಕಲಿ. ಅದರ ಬದಲಿಗೆ ಮಗುವಿಗೆ ಒಂದು ಹಳೆಯ ಸಿ.ಡಿ. ಕೊಟ್ಟು, ಪಟ್ಟೆ ಎಣಿಸುವ ಲೆಕ್ಕ ಹೇಳಿಕೊಟ್ಟು ಕಳಿಸಲಿ.